ಸಿಂಗಲ್ ಮಾಲ್ಟ್: ಸ್ಕಾಟ್ಲೆಂಡಿನ ಕ್ರಮ, ಬೆಂಗಳೂರಿನ ಅಮೃತ್

ಮುಂಬಯಿಯ ಮದ್ಯದಂಗಡಿಗಳಿಗೆ ‘ಪರ್ಮಿಟ್ ರೂಮ್’ ಎಂಬ ಹೆಸರು ಬಂದುದು ಕಾನೂನಿನಿಂದ. 1949ರ ಪಾನನಿರೋಧ ಕಾಯಿದೆಯು ಮಹಾರಾಷ್ಟ್ರದಲ್ಲಿ ಇಂದಿಗೂ ಜಾರಿಯಲ್ಲಿದೆ. ಕುಡಿಯುವವನ ಬಳಿ ಪರವಾನಗಿ ಇರಬೇಕು, ವಿಸ್ಕಿಗಾದರೆ ವಯಸ್ಸು 25 ತುಂಬಿರಬೇಕು. ಇಂತಹ ಪರ್ಮಿಟ್ ರೂಮುಗಳಲ್ಲಿ ಅನೇಕವನ್ನು ಕಟ್ಟಿ ಬೆಳೆಸಿದವರು ನಮ್ಮ ಕರಾವಳಿಯ ಹೋಟೆಲು ಉದ್ಯಮಿಗಳೇ. ಆದರೂ ಗಲ್ಲಾಪೆಟ್ಟಿಗೆಯ ಹಿಂದಿನ ಕಪಾಟಿನ ಮೇಲ್ಸಾಲು ಬಹುಕಾಲ ಸ್ಕಾಚಿಗೇ ಮೀಸಲಾಗಿತ್ತು. ನಮ್ಮ ಬ್ಯಾಂಕಿನ ಬೀಳ್ಕೊಡುಗೆ ಕೂಟಗಳಲ್ಲೂ ‘ಫಾರಿನ್ ಬಾಟಲಿ’ಗೆ ಸಿಗುತ್ತಿದ್ದ ಮರ್ಯಾದೆಯೇ ಬೇರೆ.

ಈ ಮರ್ಯಾದೆ ಪೂರ್ತಿ ನಿರಾಧಾರವಲ್ಲ. ಭಾರತದಲ್ಲಿ ವಿಸ್ಕಿ ಎಂಬ ಹೆಸರಿನಿಂದ ಮಾರಾಟವಾಗುವುದರಲ್ಲಿ ಹೆಚ್ಚಿನದು ಕಬ್ಬಿನ ಕಾಕಂಬಿಯಿಂದ ಇಳಿಸಿದ ಮದ್ಯಸಾರವನ್ನು ಸೇರಿಸಿದ್ದು. ಯುರೋಪಿನ ಒಕ್ಕೂಟದಲ್ಲಿ ಅದನ್ನು ವಿಸ್ಕಿ ಎಂದು ಕರೆದು ಮಾರುವಂತಿಲ್ಲ. ಸಿಂಗಲ್ ಮಾಲ್ಟ್ ಸ್ಕಾಚಿನ ನಿಯಮಗಳು ಕಟ್ಟುನಿಟ್ಟಾದವು: ಧಾನ್ಯವು ಮೊಳಕೆ ಬರಿಸಿದ ಬಾರ್ಲಿ, ಅಂದರೆ ಜವೆಗೋಧಿ ಮಾತ್ರ, ಭಟ್ಟಿ ಇಳಿಸುವುದು ತಾಮ್ರದ ಹಂಡೆಯಲ್ಲಿ, ಬಳಿಕ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಸ್ಕಾಟ್ಲೆಂಡಿನಲ್ಲಿಯೇ ಮಾಗಬೇಕು. ‘ಸಿಂಗಲ್’ ಎಂದರೆ ಒಂದೇ ಭಟ್ಟಿಶಾಲೆಯದು ಎಂದರ್ಥ. ಒಂದೇ ಪೀಪಾಯಿಯದೆಂದು ಹಲವರು ತಪ್ಪಾಗಿ ತಿಳಿಯುತ್ತಾರೆ. ಮಾಲ್ಟ್ ನಮಗೇನೂ ಅಪರಿಚಿತವಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಮಕ್ಕಳಿಗೆ ಗಂಜಿ ಕಾಸುವ ಮನೆಗಳಲ್ಲಿ ನಡೆಯುವ ಕ್ರಿಯೆಯೂ ಇದೇ. ಸ್ಕಾಟರು ಕೆಲವೆಡೆ ಮೊಳಕೆಯನ್ನು ಪೀಟ್ ಎಂಬ ಜೌಗುನೆಲದ ಮಣ್ಣುಹೆಂಟೆಯ ಹೊಗೆಯಲ್ಲಿ ಒಣಗಿಸುತ್ತಾರೆ. ಊರಮನೆಯ ಒಲೆಯ ಮೇಲಿನ ಅಟ್ಟದ ವಾಸನೆ ಬಲ್ಲವರಿಗೆ ಆ ಹೊಗೆಯ ಸ್ವಾದ ತೀರಾ ಹೊಸದೆನಿಸದು.

ಇದೇ ಸಾಂಪ್ರದಾಯಿಕ ಕ್ರಮವನ್ನು ಕನ್ನಡ ನಾಡಿನಲ್ಲಿ ಅನುಸರಿಸಿದ ಸಂಸ್ಥೆ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಇದನ್ನು ಸ್ಥಾಪಿಸಿದರು. ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಆಚೆ, ಕಂಬೀಪುರದಲ್ಲಿ ಇದರ ಭಟ್ಟಿಶಾಲೆಯಿದೆ. ಸ್ಥಾಪಕರ ಪುತ್ರ ನೀಲಕಂಠ ರಾವ್ ಜಗದಾಳೆಯವರು (ನಿಧನ 2019) ತಮ್ಮ ಸಿಂಗಲ್ ಮಾಲ್ಟನ್ನು 2004ರ ಆಗಸ್ಟ್ 24ರಂದು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಒಂದು ಭಾರತೀಯ ಉಪಾಹಾರ ಗೃಹದಲ್ಲಿ! ಮೀನು ಮಾರುವವರ ಬೀದಿಗೇ ಮೀನು ಹೊತ್ತಂತಹ ಸಾಹಸವಿದು. ಜವೆಗೋಧಿ ಭಾರತದ್ದೇ. ಅದರೊಡನೆ ಸ್ಕಾಟ್ಲೆಂಡಿನ ಹೊಗೆಯಾಡಿಸಿದ ಮಾಲ್ಟನ್ನೂ ಬಳಸಿದ ‘ಅಮೃತ್ ಫ್ಯೂಷನ್’ಗೆ ವಿಮರ್ಶಕ ಜಿಮ್ ಮರ್ರೆಯವರು ತಮ್ಮ ‘ವಿಸ್ಕಿ ಬೈಬಲ್’ನ 2010ರ ಆವೃತ್ತಿಯಲ್ಲಿ ನೂರಕ್ಕೆ 97 ಅಂಕಗಳನ್ನಿತ್ತು, ಜಗತ್ತಿನ ಮೂರನೆಯ ಅತ್ಯುತ್ತಮ ವಿಸ್ಕಿಯೆಂದರು. ಬೆಂಗಳೂರಿನ ಅಂಗಡಿಗಳಿಗೆ ಅಮೃತ್ ಸಿಂಗಲ್ ಮಾಲ್ಟ್ ಬಂದುದು ಆ ವರ್ಷವೇ. ಹೊರಗಿನವರು ಹೊಗಳಿದ ಮೇಲಷ್ಟೇ ಮನೆಯ ಮಗನ ಗುರುತು ಹಿಡಿಯುವ ನಮ್ಮ ಚಾಳಿ ಇಲ್ಲಿಯೂ ತಪ್ಪಲಿಲ್ಲ.

ಇನ್ನು ವಯಸ್ಸಿನ ವಿಚಾರ. ಬಾಟಲಿಯ ಮೇಲೆ 12 ಅಥವಾ 18 ಎಂಬ ಅಂಕಿ ಇಲ್ಲದ್ದನ್ನು ಎಳಸು ಎಂದು ಪಕ್ಕಕ್ಕಿಡುವವರಿದ್ದಾರೆ. ಇದನ್ನು ನಾನು ಒಪ್ಪಲಾರೆ. ಪೀಪಾಯಿಯ ಮರದ ಮೂಲಕ ಮದ್ಯವು ಪ್ರತಿವರ್ಷ ಒಂದಷ್ಟು ಆವಿಯಾಗುತ್ತದೆ. ಸ್ಕಾಟರು ಅದನ್ನು ‘ದೇವದೂತರ ಪಾಲು’ ಎನ್ನುತ್ತಾರೆ. ಅಲ್ಲಿಯ ಚಳಿಯಲ್ಲಿ ಈ ಪಾಲು ವರ್ಷಕ್ಕೆ ಸುಮಾರು ಶೇಕಡಾ 2. ಬೆಂಗಳೂರಿನಲ್ಲಿ ಶೇಕಡಾ 10ರಿಂದ 12. ಚಕ್ರಬಡ್ಡಿಯನ್ನು ತಿರುಗುಮುರುಗಾಗಿಸಿ ಲೆಕ್ಕ ಹಾಕೋಣ. ನೂರು ಲೀಟರು ಎಂಟು ವರ್ಷಗಳಲ್ಲಿ ಸ್ಕಾಟ್ಲೆಂಡಿನಲ್ಲಿ 85ಕ್ಕೆ ಇಳಿದರೆ, ಬೆಂಗಳೂರಿನಲ್ಲಿ ಉಳಿಯುವುದು 36ರಿಂದ 43 ಮಾತ್ರ. ಅಸಲೇ ಕರಗುವ ಠೇವಣಿಯನ್ನು ಯಾರು ತಾನೇ 18 ವರ್ಷ ಇಟ್ಟಾರು? ಆದರೆ ಅದೇ ಬಿಸಿಲು ಮರದ ಸಾರವನ್ನೂ ಬೇಗ ಎಳೆಯುವುದರಿಂದ ನಾಲ್ಕೈದು ವರ್ಷಗಳಲ್ಲಿಯೇ ಮದ್ಯ ಮಾಗುತ್ತದೆ. ಅಮೃತ್ 2013ರಲ್ಲಿ ಎಂಟು ವರ್ಷದ ಮಾಲ್ಟನ್ನು ಹೊರತಂದು, ಅದಕ್ಕೆ ‘ಗ್ರೀಡಿ ಏಂಜೆಲ್ಸ್’, ಅಂದರೆ ದುರಾಸೆಯ ದೇವದೂತರು ಎಂಬ ಹೆಸರಿಟ್ಟಿತು.

ಸವಿಯುವ ಕ್ರಮ ಸರಳವಾದುದು. ಬಾಯಿ ಕಿರಿದಾಗಿರುವ ಲೋಟದಲ್ಲಿ 30 ಮಿ.ಲೀ. ಸಾಕು. ಮೊದಲು ಮೂಗಿಗೆ ಕೆಲಸ ಕೊಡಬೇಕು. ಹಣ್ಣು, ಜೇನು, ವೆನಿಲಾ, ಹೊಗೆ ಒಂದೊಂದಾಗಿ ತಿಳಿದುಬರುತ್ತವೆ. ಬಳಿಕ ಕೆಲವೇ ಹನಿ ನೀರು ಬೆರೆಸಿದರೆ ಪರಿಮಳ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಮಂಜುಗಡ್ಡೆಯು ಅದನ್ನು ಅಡಗಿಸುತ್ತದೆ. ಸೋಡಾ ಮತ್ತು ಖಾರದ ಚಕ್ನಾ ಎರಡೂ ಸೇರಿದರಂತೂ ದುಬಾರಿ ಮಾಲ್ಟಿಗೂ ಅಗ್ಗದ ಸರಕಿಗೂ ಭೇದ ಉಳಿಯದು. ಹೆಸರಿನ ಚೀಟಿಯನ್ನು ಮುಚ್ಚಿ, ಒಂದು ಸ್ಕಾಚ್ ಮತ್ತು ಒಂದು ಅಮೃತ್ ಅನ್ನು ಅಕ್ಕಪಕ್ಕ ಇಟ್ಟು ನೋಡಿ.