ಚರಕಸಂಹಿತೆಯ ಉನ್ಮಾದಪ್ರಕರಣದಲ್ಲಿ ದೈವವೂ ಸತ್ತ್ವಾವಜಯವೂ

ಚಿಕಿತ್ಸೆಯು ಮೂರು ಬಗೆಯೆಂದು ಚರಕಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯವು ಹೇಳುತ್ತದೆ. ಮಂತ್ರ, ಹೋಮ, ಉಪವಾಸ, ಪ್ರಾಯಶ್ಚಿತ್ತ ಮೊದಲಾದುವು ದೈವವ್ಯಪಾಶ್ರಯ. ಆಹಾರೌಷಧಗಳ ಯೋಜನೆಯು ಯುಕ್ತಿವ್ಯಪಾಶ್ರಯ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆದು ನಿಲ್ಲಿಸುವುದು ಸತ್ತ್ವಾವಜಯ. ಇವುಗಳಲ್ಲಿ ಮೂರನೆಯದನ್ನು ಇಂದಿನ ಮಾನಸಚಿಕಿತ್ಸೆಯ ಪೂರ್ವರೂಪವೆಂದು ಹೊಗಳಿ, ಮೊದಲನೆಯದನ್ನು ಮೂಢನಂಬಿಕೆಯೆಂದು ಬದಿಗಿಡುವ ವಾಡಿಕೆಯುಂಟು. ಉನ್ಮಾದವನ್ನು ಕುರಿತ ಎರಡು ಅಧ್ಯಾಯಗಳನ್ನು, ಎಂದರೆ ನಿದಾನಸ್ಥಾನದ 7ನೆಯದನ್ನೂ ಚಿಕಿತ್ಸಾಸ್ಥಾನದ 9ನೆಯದನ್ನೂ, ಜೊತೆಯಲ್ಲಿಟ್ಟು ಓದಿದವರಿಗೆ ಈ ವಿಂಗಡಣೆಯು ಅಷ್ಟು ಸುಲಭವಾಗಿ ಒಪ್ಪಿಗೆಯಾಗಲಾರದು.

ಈ ಎರಡು ಅಧ್ಯಾಯಗಳೂ ಒಂದೇ ಕೈಯ ಬರಹಗಳಲ್ಲವೆಂಬುದನ್ನು ಮೊದಲು ನೆನೆಯಬೇಕು. ಅಗ್ನಿವೇಶನ ತಂತ್ರವನ್ನು ಚರಕನು ಸಂಸ್ಕರಿಸಿದನು. ಚಿಕಿತ್ಸಾಸ್ಥಾನದ 17 ಅಧ್ಯಾಯಗಳನ್ನೂ ಕಲ್ಪ, ಸಿದ್ಧಿಸ್ಥಾನಗಳನ್ನೂ ಕಪಿಲಬಲನ ಮಗನಾದ ದೃಢಬಲನು ಪೂರ್ತಿಮಾಡಿದನು. ಆ 17 ಯಾವುವೆಂಬುದರಲ್ಲಿ ಮತಭೇದವಿರುವುದಾದರೂ, 11ನೆಯ ಶತಮಾನದ ವ್ಯಾಖ್ಯಾನಕಾರನಾದ ಚಕ್ರಪಾಣಿದತ್ತನ ಎಣಿಕೆಯಂತೆ ಉನ್ಮಾದಚಿಕಿತ್ಸೆಯು ದೃಢಬಲನ ಪಾಲಿಗೆ ಬರುತ್ತದೆ. ನಿದಾನಸ್ಥಾನವು ಚರಕನದೇ.

ನಿದಾನಸ್ಥಾನದಲ್ಲಿ ಉನ್ಮಾದವು ಐದು ವಿಧ: ವಾತ, ಪಿತ್ತ, ಕಫಗಳಿಂದ ಒಂದೊಂದು, ಮೂರೂ ಕೂಡಿದಾಗ ಒಂದು, ಆಗಂತುಕವೊಂದು. ದೇವ, ಋಷಿ, ಪಿತೃ, ಗಂಧರ್ವ, ಯಕ್ಷ, ರಾಕ್ಷಸ, ಪಿಶಾಚಾದಿಗಳಿಂದ ಬರುವುದೆಂದು ಹೇಳುವ ಈ ಐದನೆಯದಕ್ಕೆ ಮಂತ್ರ, ಮಣಿ, ಬಲಿ, ಹೋಮ, ವ್ರತಗಳನ್ನು ವಿಧಿಸಲಾಗಿದೆ. ಇದಾದ ಬಳಿಕ ಗ್ರಂಥವು ಥಟ್ಟನೆ ಬೇರೆಯ ದಿಕ್ಕಿಗೆ ತಿರುಗುತ್ತದೆ. ತನ್ನಿಂದ ತಾನೇ ಕೆಡದವನನ್ನು ದೇವತೆಗಳಾಗಲಿ ಪಿಶಾಚಗಳಾಗಲಿ ಕೆಡಿಸಲಾರವು. ಪ್ರಜ್ಞಾಪರಾಧದಿಂದ ಹುಟ್ಟಿದ ವ್ಯಾಧಿಗೆ ತಿಳಿದವನು ದೇವತೆಗಳನ್ನಾಗಲಿ ಪಿತೃಗಳನ್ನಾಗಲಿ ರಾಕ್ಷಸರನ್ನಾಗಲಿ ದೂರಕೂಡದು. ಸುಖದುಃಖಗಳಿಗೆ ತಾನೇ ಕರ್ತನೆಂದು ಬಗೆದು ಶ್ರೇಯಸ್ಕರವಾದ ಮಾರ್ಗವನ್ನು ಹಿಡಿಯಬೇಕು. ಬುದ್ಧಿ, ಧೃತಿ, ಸ್ಮೃತಿಗಳು ಜಾರಿದಾಗ ಮಾಡುವ ಕಾರ್ಯವೇ ಪ್ರಜ್ಞಾಪರಾಧವೆಂದು ಶಾರೀರಸ್ಥಾನವು ವಿವರಿಸಿದೆ. ಹೋಮವನ್ನು ವಿಧಿಸಿದ ಅಧ್ಯಾಯವೇ ದೈವವನ್ನು ದೂಷಿಸಬೇಡವೆನ್ನುವುದು ವಿರೋಧದಂತೆ ಕಾಣುವುದು ಸಹಜ. ಆದರೆ ವ್ರತ, ಪ್ರಾಯಶ್ಚಿತ್ತಗಳು ಜಾರಿದ ಸ್ಮೃತಿಯನ್ನೂ ಧೃತಿಯನ್ನೂ ಮರಳಿ ನಿಲ್ಲಿಸುವ ಸಾಧನಗಳೆಂದು ಗ್ರಹಿಸಿದಲ್ಲಿ ಆ ವಿರೋಧವು ಬಹುಮಟ್ಟಿಗೆ ಸಡಿಲುತ್ತದೆ. ಇದು ಗ್ರಂಥದ ಮಾತಲ್ಲ, ಊಹೆ. ಆದರೂ ಸಂದರ್ಭಕ್ಕೆ ಹೊಂದುವ ಊಹೆ.

ಚಿಕಿತ್ಸಾಸ್ಥಾನದ ಅಧ್ಯಾಯವು ಇದಕ್ಕಿಂತ ಹೆಚ್ಚು ಮನುಷ್ಯಸಮೀಪವಾದುದು. ಹೆಚ್ಚು ಭಯಂಕರವಾದುದೂ ಹೌದು. ಪ್ರಿಯವಾದ ವಸ್ತುವು ನಷ್ಟವಾಗಿ ಚಿತ್ತವು ಕೆಟ್ಟವನಿಗೆ ಅದರಂಥದೇ ಇನ್ನೊಂದನ್ನು ದೊರಕಿಸಿ ಸಾಂತ್ವನ ಹೇಳಬೇಕು. ಕಾಮ, ಶೋಕ, ಭಯ, ಕ್ರೋಧ, ಹರ್ಷ, ಈರ್ಷ್ಯೆ, ಲೋಭಗಳಿಂದ ಹುಟ್ಟಿದುದನ್ನು ಅವುಗಳಿಗೆ ಪ್ರತಿದ್ವಂದ್ವಿಯಾದ ಭಾವಗಳಿಂದ ಶಮನಗೊಳಿಸಬೇಕು. ಧರ್ಮಾರ್ಥಯುಕ್ತವಾದ ಮಾತುಗಳಿಂದ ಸಂತೈಸುವವನು ಸ್ನೇಹಿತನೆಂದು ಹೇಳಿರುವುದು ಗಮನಾರ್ಹವಾದುದು. ಈ ಕಾರ್ಯವನ್ನು ವೈದ್ಯನು ತನಗೊಬ್ಬನಿಗೇ ಕಾದಿರಿಸಿಕೊಂಡಿಲ್ಲ. ಆ ಉಪಾಯಗಳ ಸಾಲಿನಲ್ಲಿಯೇ ಚಾವಟಿಯೂ ಇದೆ. ಮೈಗೆ ಸಾಸಿವೆಯೆಣ್ಣೆ ಹಚ್ಚಿ ಬಿಸಿಲಿನಲ್ಲಿ ಕಟ್ಟಿ ಮಲಗಿಸುವುದು, ನಸುಗುನ್ನಿ ಸೋಕಿಸುವುದು, ಹಲ್ಲು ಕಿತ್ತ ಹಾವನ್ನೂ ಪಳಗಿದ ಸಿಂಹವನ್ನೂ ತೋರಿಸಿ ಹೆದರಿಸುವುದು, ರಾಜಭಟರಿಂದ ಹೊರಗೆ ಎಳೆಯಿಸಿ ಕೊಲ್ಲುವೆವೆಂದು ಬೆದರಿಸುವುದು, ಇವೆಲ್ಲವೂ ಅಲ್ಲಿವೆ. ಪ್ರಾಣಭಯವು ದೇಹದುಃಖದ ಭಯಕ್ಕಿಂತ ಮಿಗಿಲಾದುದರಿಂದ ಅಲೆದಾಡುವ ಮನಸ್ಸು ಅದರಿಂದ ನೆಲೆಗೆ ಬರುವುದೆಂಬುದು ಕೊಟ್ಟಿರುವ ಕಾರಣ. ಬಂಧಿಸುವ ಪಟ್ಟಿಯು ದೃಢವಾಗಿಯೂ ಸುಖಕರವಾಗಿಯೂ ಇರಬೇಕೆಂದೂ, ಕೂಡಿಹಾಕುವ ಕತ್ತಲೆಯ ಮನೆಯಲ್ಲಿ ಕಬ್ಬಿಣ ಕಟ್ಟಿಗೆಗಳಿರಬಾರದೆಂದೂ ವಿಧಿಸಿರುವುದರಲ್ಲಿ ರೋಗಿಯ ಮೇಲಣ ಎಚ್ಚರವು ತೋರುತ್ತದೆ. ಆದರೂ ಮನಸ್ಸನ್ನು ಮನಸ್ಸಿನ ಮೂಲಕವೇ ಗುಣಪಡಿಸುವ ವಿಧಾನವನ್ನು ಕೊಂಡಾಡುವವರು ಈ ಭಾಗವನ್ನು ಬಿಟ್ಟು ಓದುವುದು ನ್ಯಾಯವಲ್ಲ. ಭಯವೂ ಆ ವಿಧಾನದ ಒಂದು ಅಂಗವೇ.

ಇದರ ಮುಂದೆಯೇ ಬರುವ ಒಂದು ವಿಧಿಯು ಇಡೀ ಪ್ರಕರಣದಲ್ಲಿ ಅತ್ಯಂತ ಮುಖ್ಯವೆನ್ನಬಹುದು. ದೇವ, ಋಷಿ, ಪಿತೃ, ಗಂಧರ್ವರಿಂದ ಉನ್ಮತ್ತನಾದವನಿಗೆ ತೀಕ್ಷ್ಣವಾದ ಅಂಜನಾದಿಗಳನ್ನೂ ಕ್ರೂರಕರ್ಮವನ್ನೂ ವರ್ಜಿಸಬೇಕು; ಘೃತಪಾನವೇ ಮೊದಲಾದ ಮೃದುವಾದ ಔಷಧಗಳನ್ನೂ ಪೂಜೆ, ಬಲಿ, ಮಂತ್ರಗಳನ್ನೂ ಬಳಸಬೇಕು. ಎಂದರೆ, ರೋಗಿಯ ಮೇಲೆ ದೇವತೆಯ ಸನ್ನಿಧಿಯುಂಟೆಂಬ ನಂಬಿಕೆಯು ಆತನನ್ನು ಚಾವಟಿಯಿಂದ ಕಾಪಾಡಿತು. ಯುಕ್ತಿಯ ಹೆಸರಿನಲ್ಲಿ ಹೊಡೆತಕ್ಕೆ ಗುರಿಯಾಗಬಹುದಾಗಿದ್ದವನು ದೈವದ ಹೆಸರಿನಲ್ಲಿ ತುಪ್ಪವನ್ನೂ ಮೃದುವಾದ ಕೈಯನ್ನೂ ಪಡೆದನು. ಈ ದಯೆಗೂ ಎಲ್ಲೆಯುಂಟು: ಹಿಂಸೆಯನ್ನೇ ಬಯಸುವ ಭೂತವು ಹಿಡಿದವನನ್ನು ಅಸಾಧ್ಯನೆಂದು ಗ್ರಂಥವು ಕೈಬಿಡುತ್ತದೆ.

ಸುಶ್ರುತಸಂಹಿತೆಯ ಉತ್ತರತಂತ್ರವು ಮನೋದುಃಖದಿಂದ ಹುಟ್ಟುವ ಉನ್ಮಾದವನ್ನೇ ಒಂದು ಬೇರೆ ಪ್ರಭೇದವಾಗಿ ಎಣಿಸಿತು. ವಾಗ್ಭಟನೂ ಆಧಿಜವೆಂದು ಅದನ್ನು ಸ್ವೀಕರಿಸಿದನು. ಶೋಕಕ್ಕೆ ಹೀಗೆ ಶಾಸ್ತ್ರದಲ್ಲಿ ಸ್ವಂತದ ಸ್ಥಾನವು ದೊರೆಯಿತು.

ದೇವರ ಆಶ್ರಯವು ರೋಗಿಯನ್ನು ಬಂಧನದಿಂದ ಯಾವಾಗಲೂ ಬಿಡಿಸಿತೆಂದು ಹೇಳಲಾಗದು. 2001ನೆಯ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಕೃಪೆಯನ್ನು ನಂಬಿ ಬಂಧುಗಳು ಕರೆತಂದಿದ್ದ ರೋಗಿಗಳ ಆಶ್ರಮವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಮಂದಿ ಮಡಿದರು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯು ನಿಷೇಧಿಸಿತು. ಏರ್ವಾಡಿಯ ದುರಂತಕ್ಕೆ ಒಂದು ವರ್ಷ ಮೊದಲು, 2000ದಲ್ಲಿ, ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ಆರ್. ರಘುರಾಮ್ ಮತ್ತು ಸಂಗಡಿಗರು ಅದೇ ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯದಲ್ಲಿ ತಂಗಿದ್ದ 31 ರೋಗಿಗಳನ್ನು ಪರೀಕ್ಷಿಸಿದ್ದರು. ಸರಾಸರಿ ಆರು ವಾರಗಳ ವಾಸದಲ್ಲಿ ರೋಗಲಕ್ಷಣಗಳ ಅಂಕವು ನೂರಕ್ಕೆ ಸುಮಾರು 20 ಪಾಲು ಇಳಿದಿತ್ತೆಂದು 2002ರಲ್ಲಿ ಪ್ರಕಟವಾದ ಅವರ ವರದಿಯು ತಿಳಿಸುತ್ತದೆ. ಅಲ್ಲಿ ರೋಗಿಗಳಿಗೆಂದು ವಿಶೇಷವಾದ ಶಾಂತಿಕರ್ಮವಿರಲಿಲ್ಲ, ಔಷಧವೂ ಇರಲಿಲ್ಲ. ಬೆಳಗ್ಗೆ ಅಲ್ಪಕಾಲದ ಪ್ರಾರ್ಥನೆ, ಬಳಿಕ ಗಿಡಗಳಿಗೆ ನೀರೆರೆಯುವುದು, ಆವರಣವನ್ನು ಶುಚಿಗೊಳಿಸುವುದು, ಇಷ್ಟೇ ಅವರ ದಿನಚರಿಯಾಗಿತ್ತು.