ಲೋಟೆ ಲೇಮನ್: ಗಾಯಕಿಯ ಗುರುತ್ವ

ಗಾಯನಕ್ಕೆ ಬೇಕಾದ ಪ್ರತಿಭೆಯಿಲ್ಲವೆಂದು ಬರ್ಲಿನ್ನಿನ ಎಟೆಲ್ಕಾ ಗೆರ್ಸ್ಟರ್ ಸಂಗೀತಶಾಲೆಯಿಂದ ಹೊರಗೆ ಕಳುಹಿಸಲ್ಪಟ್ಟ ವಿದ್ಯಾರ್ಥಿನಿಯೊಬ್ಬರು ಮುಂದೆ ಇಪ್ಪತ್ತನೆಯ ಶತಮಾನದ ಪ್ರಮುಖ ಸೊಪ್ರಾನೊ ಗಾಯಕಿಯರಲ್ಲಿ ಒಬ್ಬರಾದರು. ಜರ್ಮನಿಯ ಪೆರ್ಲೆಬರ್ಗ್‌ನಲ್ಲಿ 1888ರಲ್ಲಿ ಜನಿಸಿದ ಲೋಟೆ ಲೇಮನ್‌ರ ಬೋಧನೆಯ ಸ್ವರೂಪವನ್ನು ಅರಿಯಲು ಈ ಆರಂಭದ ಸೋಲನ್ನು ಮರೆಯುವಂತಿಲ್ಲ. ಅವರನ್ನು ಮತ್ತೆ ಹಾಡಲು ಅಣಿಗೊಳಿಸಿದವರು ಮಟಿಲ್ಡೆ ಮಾಲಿಂಗರ್. ವಾಗ್ನರನ 'ಮೈಸ್ಟರ್‌ಸಿಂಗರ್' ಆಪೆರಾ 1868ರಲ್ಲಿ ಮ್ಯೂನಿಕ್‌ನಲ್ಲಿ ಮೊದಲು ರಂಗಕ್ಕೆ ಬಂದಾಗ ಏವಾ ಪಾತ್ರವನ್ನು ಹಾಡಿದ್ದವರು.

1910ರಲ್ಲಿ ಹ್ಯಾಂಬರ್ಗ್ ಆಪೆರಾದ ಸಣ್ಣ ಪಾತ್ರಗಳಿಂದ ವೃತ್ತಿ ಆರಂಭಿಸಿದ ಲೇಮನ್, 1916ರಲ್ಲಿ ವಿಯೆನ್ನಾ ಸೇರಿದರು. ಅದೇ ವರ್ಷ ರಿಚರ್ಡ್ ಸ್ಟ್ರೌಸ್‌ರ 'ಅರಿಯಾಡ್ನೆ'ಯ ಪರಿಷ್ಕೃತ ರೂಪದಲ್ಲಿ ಸಂಗೀತಕಾರನ ಪಾತ್ರವನ್ನೂ, 1919ರಲ್ಲಿ 'ನೆರಳಿಲ್ಲದ ಹೆಣ್ಣು' ಕೃತಿಯಲ್ಲಿ ಬಣ್ಣಗಾರನ ಮಡದಿಯ ಪಾತ್ರವನ್ನೂ ಮೊದಲಿಗೆ ಹಾಡಿದವರು ಅವರೇ. ಅವರ ಉಸಿರು ಗಿಡ್ಡ, ಒಂದು ಸ್ವರಾವಳಿಯ ನಡುವೆಯೇ ಉಸಿರೆಳೆದುಕೊಳ್ಳುತ್ತಾರೆ ಎಂಬ ಆಕ್ಷೇಪ ಕೊನೆಯವರೆಗೂ ಇತ್ತು. ಧ್ವನಿಮುದ್ರಿಕೆಗಳನ್ನು ಆಲಿಸಿದರೆ ಆಕ್ಷೇಪ ನಿರಾಧಾರವಲ್ಲ. ಆದರೆ 1933ರ 'ರೋಜೆನ್‌ಕವಲಿಯರ್' ಮುದ್ರಿಕೆಯಲ್ಲಿ ಯೌವನ ಜಾರುತ್ತಿರುವ ಮಾರ್ಷಲಿನ್ನಳ ಅಳುಕನ್ನು ಅವರು ಮಾತಿನ ಮೂಲಕವೇ ಹಿಡಿದುಕೊಡುತ್ತಾರೆ; ಅಲ್ಲಿ ಉಸಿರಿನ ಲೆಕ್ಕ ಗೌಣವಾಗುತ್ತದೆ.

1934ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಹಾಡಿದ ಅವರು, 1938ರಲ್ಲಿ ಆಸ್ಟ್ರಿಯಾ ನಾಜಿಗಳ ವಶವಾದ ಮೇಲೆ ಅಮೆರಿಕದಲ್ಲಿ ನೆಲೆಸಿದರು. ಗೋರಿಂಗ್‌ನ ಆಹ್ವಾನವನ್ನು ತಾವು ತಿರಸ್ಕರಿಸಿದ್ದಾಗಿ ಲೇಮನ್ ನಂತರ ಬರೆದರು. ಇತಿಹಾಸಕಾರ ಮೈಕೇಲ್ ಕೇಟರ್ 2008ರ ಜೀವನಚರಿತ್ರೆಯಲ್ಲಿ ದಾಖಲೆಗಳನ್ನು ಪರಿಶೀಲಿಸಿ, ಬರ್ಲಿನ್ನಿನ ಒಪ್ಪಂದದಲ್ಲಿ ಅವರಿಗೆ ಆಸಕ್ತಿಯಿತ್ತೆಂದು ತೋರಿಸಿದ್ದಾರೆ. ಕಲಾವಿದರ ಆತ್ಮಕಥನವನ್ನು ಆಧಾರವೆಂದು ಸ್ವೀಕರಿಸುವಾಗ ಇದು ನೆನಪಿನಲ್ಲಿರಬೇಕು. ಮಲಮಕ್ಕಳ ತಾಯಿ ಯೆಹೂದಿಯಾಗಿದ್ದುದರಿಂದ ಆ ಕುಟುಂಬಕ್ಕೆ ಎದುರಾಗಿದ್ದ ಅಪಾಯವಾದರೋ ಕಲ್ಪಿತವಲ್ಲ.

1951ರ ಫೆಬ್ರವರಿ 16ರಂದು ನ್ಯೂಯಾರ್ಕ್‌ನ ಟೌನ್ ಹಾಲ್‌ನಲ್ಲಿ ವಿದಾಯ ಘೋಷಿಸಿದ ಲೇಮನ್, ಶೂಬರ್ಟ್‌ನ ಗೀತೆಯೊಂದರ ಕೊನೆಯ ಸಾಲನ್ನು ಹಾಡಲಾಗದೆ ಗದ್ಗದಿತರಾದರು. ಆ ಬಳಿಕ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಬೋಧನೆಯೇ ಅವರ ಮುಖ್ಯ ವೃತ್ತಿಯಾಯಿತು. 1947ರಲ್ಲಿ ಆರಂಭವಾದ ಅಲ್ಲಿನ 'ಮ್ಯೂಸಿಕ್ ಅಕಾಡೆಮಿ ಆಫ್ ದ ವೆಸ್ಟ್' ಸ್ಥಾಪಕರಲ್ಲಿ ಅವರೂ ಒಬ್ಬರು. ಶ್ರೋತೃಗಳ ಸಮ್ಮುಖದಲ್ಲಿ ನಡೆಯುತ್ತಿದ್ದ ಆ ಪಾಠಗಳಲ್ಲಿ ಕಂಠಸಾಧನೆಗಿಂತ ಪದದ ಅರ್ಥಕ್ಕೆ, ಪಾತ್ರದ ಮನಃಸ್ಥಿತಿಗೆ ಪ್ರಾಶಸ್ತ್ಯವಿತ್ತು. ಯಾಂತ್ರಿಕ ಶಿಕ್ಷಣದಲ್ಲಿ ಸೋತವರು ಇಂಥ ದಾರಿ ಹಿಡಿದದ್ದು ಸಹಜ. ಕಂಠ ಇನ್ನೂ ಹದಗೊಳ್ಳದ ವಿದ್ಯಾರ್ಥಿಗೆ ಇದರಿಂದ ಹೆಚ್ಚಿನ ಪ್ರಯೋಜನವಾಗುವಂತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಸಿದ್ಧಕಂಠದವರಲ್ಲಿ ಅದು ಫಲಿಸಿತು. ಶಿಷ್ಯೆ ಗ್ರೇಸ್ ಬಂಬ್ರಿ 1961ರಲ್ಲಿ ಬೈರಾಯ್ಟ್ ಉತ್ಸವದಲ್ಲಿ 'ಟಾನ್‌ಹಾಯ್ಸರ್'ನ ವೀನಸ್ ಪಾತ್ರ ವಹಿಸಿ, ಅಲ್ಲಿ ಹಾಡಿದ ಪ್ರಥಮ ಕಪ್ಪುವರ್ಣೀಯ ಕಲಾವಿದೆಯಾದರು. ಮರುವರ್ಷ ಮೆಟ್ರೊಪಾಲಿಟನ್‌ನಲ್ಲಿ 'ರೋಜೆನ್‌ಕವಲಿಯರ್' ರಂಗನಿರ್ದೇಶನ ಲೇಮನ್‌ರದು. ಮಾರ್ಷಲಿನ್ ಆಗಿದ್ದವರು ಫ್ರಾನ್ಸಿನ ರೆಜೀನ್ ಕ್ರೆಸ್ಪಾ. 1976ರ ಆಗಸ್ಟ್ 26ರಂದು ಸಾಂತಾ ಬಾರ್ಬರಾದಲ್ಲಿ ನಿಧನರಾದ ಲೇಮನ್‌ರ ಸಮಾಧಿ ವಿಯೆನ್ನಾದಲ್ಲಿದೆ.