ಘಾಟಿಯೇರುವ ಹಳೆಯ ಲಾರಿಗೆ ಟರ್ಬೊ: ಗಾಳಿ ಎಷ್ಟು, ಡೀಸೆಲ್ ಎಷ್ಟು?

ಕೆರೆಕಟ್ಟೆ (ಶೃಂಗೇರಿ ತಾಲ್ಲೂಕು): ಕಾರ್ಕಳದಿಂದ ಬಜಗೋಳಿ, ಮಾಳದ ಮಾರ್ಗವಾಗಿ ಘಾಟಿ ಹತ್ತಿ, ಎಸ್.ಕೆ. ಬಾರ್ಡರ್ ದಾಟಿ ಕೆರೆಕಟ್ಟೆಯತ್ತ ಸಾಗುವ ಹಳೆಯ ಲಾರಿಯ ಸದ್ದು, ಲಾರಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಭರ್ತಿ ಹೊರೆ, ಎರಡನೆಯ ಗೇರು, ನಡಿಗೆಗಿಂತ ತುಸುವೇ ಹೆಚ್ಚಿನ ವೇಗ, ಹಿಂದೆ ಕಪ್ಪು ಹೊಗೆ. ಒಂದು ಕಾಲಕ್ಕೆ ಸೊಲ್ಲಾಪುರ-ಮಂಗಳೂರು ರಾಷ್ಟ್ರೀಯ ಹೆದ್ದಾರಿ 13 ಎನಿಸಿಕೊಂಡಿದ್ದ, ಈಗ 169ರ ಸಂಖ್ಯೆ ಹೊತ್ತಿರುವ ಈ ರಸ್ತೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿನ ನಡುವೆ ಹಾದುಹೋಗುತ್ತದೆ. ಇಲ್ಲಿ ಕೆಟ್ಟು ನಿಂತ ಲಾರಿಗೆ ಹತ್ತಿರದಲ್ಲಿ ನೆರವು ಸಿಗುವುದು ಕಷ್ಟ.

ಇಂಥ ರಸ್ತೆಯಲ್ಲಿ ದುಡಿಯುವ ಹಳೆಯ ಲಾರಿಯ ಮಾಲೀಕನಿಗೆ ಟರ್ಬೊಚಾರ್ಜರ್ ಎಂಬ ಹೆಸರು ಆಸೆ ಹುಟ್ಟಿಸುವುದು ಸಹಜ. ಗುಜರಿ ಅಂಗಡಿಯಲ್ಲಿ ಮತ್ತೊಂದು ಲಾರಿಯಿಂದ ಕಳಚಿದ ಟರ್ಬೊ ಸಿಗುತ್ತದೆ. ಪೈಪು ಬಗ್ಗಿಸಿ ವೆಲ್ಡಿಂಗ್ ಮಾಡುವ ಕೈಗಳೂ ಸಿಗುತ್ತವೆ. ಜೋಡಿಸುವುದು ಕಠಿಣವಲ್ಲ. ಜೋಡಿಸಿದ ಬಳಿಕ ಎಂಜಿನ್ನಿನ ಶ್ರುತಿ ಸರಿಪಡಿಸುವುದೇ, ಅಂದರೆ ಟ್ಯೂನಿಂಗ್ ಮಾಡುವುದೇ, ಎಂಜಿನ್ನಿನ ಆಯುಸ್ಸನ್ನು ನಿರ್ಧರಿಸುತ್ತದೆ.

ಟರ್ಬೊ ಎಂದರೇನು?

ಎಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುತ್ತದೆ. ಈ ದಂಡ ನಿಮಿಷಕ್ಕೆ ಲಕ್ಷದ ಆಸುಪಾಸು ಸುತ್ತು ತಿರುಗಬಲ್ಲದು. ಅದನ್ನು ಹೊತ್ತು ನಿಲ್ಲುವುದು ತೆಳುವಾದ ಎಣ್ಣೆಯ ಪದರ ಮಾತ್ರ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಈ ಕಲ್ಪನೆಗೆ ಪೇಟೆಂಟ್ ಪಡೆದರು. ಅದೇ ದೇಶದ ಸೌರರ್ ಕಂಪನಿ 1938ರಲ್ಲಿ ಟರ್ಬೊ ಅಳವಡಿಸಿದ ಲಾರಿ ಎಂಜಿನ್ ತಯಾರಿಸಿತು.

ಭಾರತದಲ್ಲಿ ಬಹುಕಾಲ ಲಾರಿಗಳು ಟರ್ಬೊ ಇಲ್ಲದೆಯೇ ಓಡಿದವು. 1954ರಲ್ಲಿ ಡೈಮ್ಲರ್-ಬೆಂಜ್ ಸಹಯೋಗದೊಂದಿಗೆ ಲಾರಿ ತಯಾರಿಕೆ ಆರಂಭಿಸಿದ ಟಾಟಾ ಸಂಸ್ಥೆಯ 697 ಎಂಜಿನ್ ದೇಶದ ಎಲ್ಲ ಗ್ಯಾರೇಜುಗಳಿಗೂ ಪರಿಚಿತ. ಆರು ಸಿಲಿಂಡರು, 97 ಮಿ.ಮೀ. ಬೋರ್, ಹೆಸರೇ ಅಳತೆಯನ್ನು ಹೇಳುತ್ತದೆ. ಅದರ ಗಾತ್ರ ಸುಮಾರು 5.7 ಲೀಟರ್. 1993ರಲ್ಲಿ ಟಾಟಾ ಕಮಿನ್ಸ್ ಸಂಸ್ಥೆಯ ಸ್ಥಾಪನೆ, 2000ದಿಂದ ಜಾರಿಗೆ ಬಂದ ಹೊಗೆ ನಿಯಮಗಳು ಟರ್ಬೊ ಎಂಜಿನ್‌ಗಳಿಗೆ ದಾರಿ ತೆರೆದವು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಜಾರಿಗೊಂಡ ಬಳಿಕ ಬರುತ್ತಿರುವ ಲಾರಿಗಳಲ್ಲಿ ಟರ್ಬೊ ಕಾರ್ಖಾನೆಯಲ್ಲೇ ಅಳವಡಿಕೆಯಾಗಿರುತ್ತದೆ. ಅವುಗಳ ಇಂಧನ ನಿಯಂತ್ರಣ ಪೂರ್ತಿ ಎಲೆಕ್ಟ್ರಾನಿಕ್. ಹೀಗಾಗಿ ಕೈಯಿಂದ ಟರ್ಬೊ ಕೂರಿಸುವ ಪ್ರಶ್ನೆ ಏಳುವುದು ಯಾಂತ್ರಿಕ ಡೀಸೆಲ್ ಪಂಪ್ ಹೊಂದಿರುವ ಹಳೆಯ ಲಾರಿಗಳಲ್ಲಿ ಮಾತ್ರ.

ಎತ್ತರವಲ್ಲ, ಏರು

ಮಲೆನಾಡಿನ ಎತ್ತರದಲ್ಲಿ ಗಾಳಿ ವಿರಳವಾಗುವುದರಿಂದ ಲಾರಿ ಸೋಲುತ್ತದೆ ಎಂಬ ನಂಬಿಕೆಯಿದೆ. ಇದು ಭಾಗಶಃ ಮಾತ್ರ ನಿಜ. ಶೃಂಗೇರಿ ಸಮುದ್ರ ಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ 6ರಷ್ಟು ಕಡಿಮೆ. ಲಾರಿಯನ್ನು ನಿಜವಾಗಿ ದಣಿಸುವುದು ಬಿಡುವಿಲ್ಲದ ಏರು. ಬಯಲು ಸೀಮೆಯ ರಸ್ತೆಯಲ್ಲಿ ಎಂಜಿನ್ ಪೂರ್ಣ ಶಕ್ತಿ ನೀಡಬೇಕಾದುದು ಕೆಲವೇ ಕ್ಷಣ. ಘಾಟಿಯಲ್ಲಿ ಅದು ನಿಮಿಷಗಟ್ಟಲೆ ಪೂರ್ಣ ಹೊರೆ ಹೊರಬೇಕು. ವೇಗ ಕಡಿಮೆಯಾದ್ದರಿಂದ ರೇಡಿಯೇಟರಿಗೆ ತಾಗುವ ಗಾಳಿಯೂ ಕಡಿಮೆ. ಸಮತಟ್ಟಾದ ರಸ್ತೆಯಲ್ಲಿ ಸರಿಯಾಗಿಯೇ ಓಡಿದ ಟ್ಯೂನಿಂಗ್ ಇಲ್ಲಿ ಪಿಸ್ಟನ್ ಕರಗಿಸಬಲ್ಲದು.

ಲೆಕ್ಕ ತಪ್ಪುವುದು ಎಲ್ಲಿ?

ಟರ್ಬೊ ಶಕ್ತಿ ಕೊಡುವುದಿಲ್ಲ, ಗಾಳಿ ಕೊಡುತ್ತದೆ. ಶಕ್ತಿ ಬರುವುದು ಆ ಗಾಳಿಯಲ್ಲಿ ಹೆಚ್ಚುವರಿ ಡೀಸೆಲ್ ಉರಿದಾಗ. ಮೇಸ್ತ್ರಿಗಳು ಎಡವುವುದು ಈ ಹೆಚ್ಚುವರಿಯ ಲೆಕ್ಕದಲ್ಲಿ.

ಬೂಸ್ಟ್ ಗೇಜು 0.7 ಬಾರ್ (ಸುಮಾರು 10 ಪೌಂಡು) ತೋರಿಸಿತು ಎನ್ನೋಣ. ಗಾಳಿಯ ಒತ್ತಡ 1.7 ಪಟ್ಟಾಯಿತು, ಆದ್ದರಿಂದ ಗಾಳಿಯೂ 1.7 ಪಟ್ಟಾಯಿತು ಎಂದು ಭಾವಿಸುವುದು ತಪ್ಪು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಕಾದ ಗಾಳಿ ಹಿಗ್ಗುತ್ತದೆ. 30 ಡಿಗ್ರಿಯ ಗಾಳಿ ಸಾಧಾರಣ ದಕ್ಷತೆಯ ಟರ್ಬೊ ದಾಟಿ ಬರುವಾಗ 105 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಆ ಬಿಸಿಯಲ್ಲಿ ಸಿಲಿಂಡರಿಗೆ ಸಿಗುವ ಗಾಳಿಯ ತೂಕ ಸುಮಾರು 1.36 ಪಟ್ಟು ಮಾತ್ರ.

ಟರ್ಬೊ ಇಲ್ಲದ ಡೀಸೆಲ್ ಎಂಜಿನ್ ಪೂರ್ಣ ಹೊರೆಯಲ್ಲಿ ಒಂದು ಕಿಲೊ ಡೀಸೆಲ್‌ಗೆ ಸುಮಾರು 20 ಕಿಲೊ ಗಾಳಿ ಬಳಸುತ್ತದೆ. ಗೇಜು ನಂಬಿ ಡೀಸೆಲನ್ನು 1.7 ಪಟ್ಟು ಮಾಡಿದರೆ ಈ ಪ್ರಮಾಣ 16ಕ್ಕೆ ಕುಸಿಯುತ್ತದೆ. ಫಲವಾಗಿ ದಟ್ಟ ಕಪ್ಪು ಹೊಗೆ ಏಳುತ್ತದೆ, ಹೊರಹೋಗುವ ಅನಿಲದ ಶಾಖ ಅಪಾಯದ ಮಟ್ಟ ಮುಟ್ಟುತ್ತದೆ. ಟರ್ಬೊ ಮತ್ತು ಎಂಜಿನ್ ನಡುವೆ ಇಂಟರ್‌ಕೂಲರ್ ಇರಿಸಿ ಗಾಳಿಯನ್ನು 50 ಡಿಗ್ರಿಗೆ ತಣಿಸಿದರೆ ಗಾಳಿಯ ತೂಕ 1.6 ಪಟ್ಟಿನ ಸಮೀಪ ಬರುತ್ತದೆ. ಕಾರ್ಖಾನೆಗಳು ಇಂಟರ್‌ಕೂಲರ್‌ಗೆ ಒತ್ತು ನೀಡಿದ್ದು ಇದೇ ಕಾರಣಕ್ಕೆ.

ಗಾಳಿ ಸಾಕಷ್ಟು ಸಿಕ್ಕರೂ ಬಿಡಿಭಾಗಗಳ ಬಲಕ್ಕೆ ಮಿತಿಯಿದೆ. ಟರ್ಬೊಗೆಂದೇ ರೂಪಿಸಿದ ಎಂಜಿನ್ನಿನಲ್ಲಿ ಗಟ್ಟಿ ಪಿಸ್ಟನ್, ಅದರ ತಳಕ್ಕೆ ಎಣ್ಣೆ ಚಿಮ್ಮಿಸುವ ನಳಿಕೆ, ಬಲವಾದ ಹೆಡ್ ಗ್ಯಾಸ್ಕೆಟ್, ದೊಡ್ಡ ಆಯಿಲ್ ಕೂಲರ್ ಇರುತ್ತವೆ. ಹಳೆಯ ಎಂಜಿನ್‌ಗಳಲ್ಲಿ ಇವೆಲ್ಲವೂ ಇರುವುದಿಲ್ಲ. ಆದ್ದರಿಂದ ಬೂಸ್ಟ್ 0.5ರಿಂದ 0.7 ಬಾರ್ ದಾಟದಂತೆ, ಡೀಸೆಲ್ ಹೆಚ್ಚಳ ಗಾಳಿಯ ಹೆಚ್ಚಳಕ್ಕಿಂತ ಸಾಕಷ್ಟು ಕೆಳಗೇ ಉಳಿಯುವಂತೆ ನೋಡಿಕೊಳ್ಳುವುದು ವಿವೇಕ. ಡೀಸೆಲ್ ಮುಟ್ಟದೆ ಗಾಳಿಯನ್ನಷ್ಟೇ ಹೆಚ್ಚಿಸಿದರೂ ಹೊಗೆ ತಗ್ಗುತ್ತದೆ, ಎಂಜಿನ್ ತಣ್ಣಗೆ ಓಡುತ್ತದೆ ಎಂಬುದು ಗಮನಾರ್ಹ.

ಟ್ಯೂನಿಂಗ್: ಯಾವುದು ಮೊದಲು?

ಮೊದಲ ಕೆಲಸ ಟರ್ಬೊ ಕೂರಿಸುವ ಮುನ್ನವೇ ಆಗಬೇಕು. ಎಲ್ಲ ಸಿಲಿಂಡರುಗಳ ಕಂಪ್ರೆಷನ್ ಅಳೆಯಬೇಕು, ನಾಜಲ್‌ಗಳನ್ನು ಪರೀಕ್ಷಿಸಬೇಕು, ಪಂಪನ್ನು ಟೆಸ್ಟ್ ಬೆಂಚಿನಲ್ಲಿ ಕ್ಯಾಲಿಬ್ರೇಷನ್ ಮಾಡಿಸಿ ಎಲ್ಲ ಸಿಲಿಂಡರುಗಳಿಗೆ ಸಮನಾಗಿ ಡೀಸೆಲ್ ಹೋಗುವಂತೆ ಮಾಡಬೇಕು. ಈ ವಿದ್ಯೆಗೆ ಕರ್ನಾಟಕದಲ್ಲಿ ಕೊರತೆಯಿಲ್ಲ. 1951ರಲ್ಲಿ ಸ್ಥಾಪನೆಗೊಂಡು ಬೆಂಗಳೂರಿನಲ್ಲಿ ಡೀಸೆಲ್ ಪಂಪ್ ತಯಾರಿಸುತ್ತ ಬಂದ ಮೈಕೊ ಸಂಸ್ಥೆಯ ಹೆಸರು, 2008ರಲ್ಲಿ ಅದು ಬಾಷ್ ಎಂದಾದ ಮೇಲೂ, ಗ್ಯಾರೇಜುಗಳ ಬಾಯಲ್ಲಿ ಉಳಿದಿದೆ. ಸವೆದ ಎಂಜಿನ್ನಿಗೆ ಟರ್ಬೊ ಕೂರಿಸಿದರೆ ಸವೆತ ಇನ್ನಷ್ಟು ಬೇಗವಾಗುತ್ತದೆ.

ಎರಡನೆಯದು ಎಣ್ಣೆ. ಟರ್ಬೊಗೆ ಎಂಜಿನ್ನಿನ ಮುಖ್ಯ ಆಯಿಲ್ ಗ್ಯಾಲರಿಯಿಂದ ಸೋಸಿದ ಎಣ್ಣೆ ಹೋಗಬೇಕು. ಮರಳುವ ಪೈಪು ಅಗಲವಾಗಿರಬೇಕು, ಎಲ್ಲಿಯೂ ಮೇಲಕ್ಕೆ ಬಾಗದೆ ಇಳಿಜಾರಾಗಿ ಸಾಗಿ, ಚೇಂಬರಿನ ಎಣ್ಣೆ ಮಟ್ಟಕ್ಕಿಂತ ಮೇಲೆ ಸೇರಬೇಕು. ಈ ಪೈಪು ಕಟ್ಟಿಕೊಂಡರೆ ಎಣ್ಣೆ ಸೀಲ್ ದಾಟಿ ಗಾಳಿಯ ಹಾದಿಗೆ ನುಗ್ಗುತ್ತದೆ. ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಉರಿಸಿಕೊಂಡು ಹತೋಟಿ ಮೀರಿ ಓಡಬಲ್ಲದು. ಆಗ ಡೀಸೆಲ್ ನಿಲ್ಲಿಸಿದರೂ ಅದು ನಿಲ್ಲದು, ಗಾಳಿಯ ದಾರಿಯನ್ನೇ ಮುಚ್ಚಬೇಕಾಗುತ್ತದೆ.

ಮೂರನೆಯದು ಅಳತೆಯ ಸಾಧನ. ಬೂಸ್ಟ್ ಗೇಜಿಗಿಂತ ಮುಖ್ಯವಾದುದು ಹೊರಹೋಗುವ ಅನಿಲದ ಶಾಖ ತೋರಿಸುವ ಪೈರೊಮೀಟರ್. ಅದರ ಕಡ್ಡಿ ಟರ್ಬೊಗಿಂತ ಮೊದಲು, ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲೇ ಇರಬೇಕು. ಟರ್ಬೊ ದಾಟಿದ ಮೇಲೆ ಅಳೆದರೆ ಶಾಖ ನೂರಾರು ಡಿಗ್ರಿ ಕಡಿಮೆ ತೋರಬಹುದು. ಅದನ್ನು ನಂಬಿದ ಚಾಲಕ ಮೋಸಹೋಗುತ್ತಾನೆ. ದೀರ್ಘ ಏರಿನಲ್ಲಿ ಈ ಅಂಕಿ 650 ಡಿಗ್ರಿಯೊಳಗೆ ಇರುವುದು ಕ್ಷೇಮ. 700 ಡಿಗ್ರಿ ಮೀರುವುದು ಅಪಾಯ.

ನಾಲ್ಕನೆಯದು ಟೈಮಿಂಗ್. ಹೆಚ್ಚು ಗಾಳಿ ತುಂಬಿದ ಸಿಲಿಂಡರಿನಲ್ಲಿ ಡೀಸೆಲ್ ಬೇಗ ಹೊತ್ತಿಕೊಳ್ಳುತ್ತದೆ, ಒತ್ತಡದ ತುತ್ತತುದಿಯೂ ಏರುತ್ತದೆ. ಪಿಕಪ್ ಸಿಗಲೆಂದು ಟೈಮಿಂಗ್ ಮುಂಚಿತಗೊಳಿಸಿದರೆ ಹೆಡ್ ಗ್ಯಾಸ್ಕೆಟ್ ಮತ್ತು ಬೇರಿಂಗ್‌ಗಳ ಮೇಲೆ ಹೊಡೆತ ಬೀಳುತ್ತದೆ. ಅತಿಯಾಗಿ ತಡಮಾಡಿದರೆ ಅನಿಲದ ಶಾಖ ಏರುತ್ತದೆ. ಕಂಪನಿ ಸೂಚಿಸಿದ ಅಂಕಿಯಿಂದಲೇ ಆರಂಭಿಸಿ, ಅಗತ್ಯವಿದ್ದರೆ ಒಂದೆರಡು ಡಿಗ್ರಿ ತಡಮಾಡುವುದು ರೂಢಿ.

ಕೊನೆಯದು ಡೀಸೆಲ್ ಪ್ರಮಾಣ. ಒಮ್ಮೆಗೆ ಒಂದೇ ಬದಲಾವಣೆ, ಅದೂ ಅಲ್ಪ. ಪ್ರತಿ ಬಾರಿಯೂ ಅನುಮತಿಸಿದ ಹೊರೆಯೊಂದಿಗೆ ಅದೇ ಏರಿನಲ್ಲಿ, ಅದೇ ಗೇರಿನಲ್ಲಿ ಓಡಿಸಿ ಬೂಸ್ಟ್, ಅನಿಲದ ಶಾಖ, ನೀರಿನ ಶಾಖ, ಹೊಗೆ ನಾಲ್ಕನ್ನೂ ಬರೆದಿಟ್ಟುಕೊಳ್ಳಬೇಕು. ಬೂಸ್ಟ್ ಏರುವವರೆಗೆ ಡೀಸೆಲ್ ತಡೆಹಿಡಿಯುವ ಸಾಧನವುಳ್ಳ ಪಂಪ್ ಇದ್ದರೆ ಆರಂಭದ ಕಪ್ಪು ಹೊಗೆ ತಪ್ಪುತ್ತದೆ. ಗವರ್ನರ್‌ನ ಗರಿಷ್ಠ ವೇಗದ ಸ್ಕ್ರೂ ಮುಟ್ಟಲೇಬಾರದು.

ಇಳಿಜಾರಿನ ಪ್ರಶ್ನೆ

ಏರಿನಲ್ಲಿ ಗಳಿಸಿದ ಶಕ್ತಿ ಇಳಿಜಾರಿನಲ್ಲಿ ನೆರವಿಗೆ ಬಾರದು. ಟರ್ಬೊ ಕೂರಿಸಿದ ಮಾತ್ರಕ್ಕೆ ಬ್ರೇಕ್, ಚಾಸಿ, ಟೈರುಗಳ ಬಲ ಹೆಚ್ಚುವುದಿಲ್ಲ. ಎಂಜಿನ್ ಎಳೆಯುತ್ತದೆಂದು ಹೆಚ್ಚು ಹೊರೆ ತುಂಬಿದರೆ ಮಾಳದ ಕಡೆಗೆ ಇಳಿಯುವಾಗ ಅದೇ ಹಳೆಯ ಡ್ರಮ್ಮುಗಳು ಆ ಭಾರವನ್ನು ತಡೆಯಬೇಕು. ಏರ್ ಬ್ರೇಕಿನ ಕಂಪ್ರೆಸರ್ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಗಾಳಿ ಎಳೆಯುವ ಲಾರಿಗಳಲ್ಲಿ, ಟರ್ಬೊ ಬಂದ ಮೇಲೆ ಆ ಸಂಪರ್ಕವನ್ನೂ ಪರಿಶೀಲಿಸಬೇಕು. ಒತ್ತಿದ ಬಿಸಿ ಗಾಳಿ ಕಂಪ್ರೆಸರಿಗೆ ಹೊರೆಯಾಗುತ್ತದೆ.

ಘಾಟಿ ಹತ್ತಿ ಲಾರಿ ನಿಲ್ಲಿಸಿದ ಕೂಡಲೇ ಎಂಜಿನ್ ಬಂದ್ ಮಾಡುವ ಅಭ್ಯಾಸವನ್ನೂ ಬಿಡಬೇಕಾಗುತ್ತದೆ. ಎರಡು-ಮೂರು ನಿಮಿಷ ಐಡಲಿನಲ್ಲಿ ಬಿಟ್ಟರೆ ಟರ್ಬೊ ತಣಿಯುತ್ತದೆ. ಇಲ್ಲವಾದರೆ ಬೇರಿಂಗಿನಲ್ಲಿ ನಿಂತ ಎಣ್ಣೆ ಸುಟ್ಟು ಕರಕಾಗುತ್ತದೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ನಿಲುವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿದೆ. ಎಂಟು ವರ್ಷ ದಾಟಿದ ಸಾರಿಗೆ ವಾಹನ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಬದಲಾದ ಎಂಜಿನ್ ಅಲ್ಲಿ ಕಣ್ಣಿಗೆ ಬೀಳುತ್ತದೆ. ಅಪಘಾತವಾದರೆ, ಘೋಷಿಸದ ಮಾರ್ಪಾಡು ವಿಮೆಯ ತಕರಾರಿಗೂ ಕಾರಣವಾಗಬಹುದು. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸುವುದೇ ಸರಿಯಾದ ಕ್ರಮ.

ಕಪ್ಪು ಹೊಗೆ ಉಗುಳುತ್ತ ಘಾಟಿಯಲ್ಲಿ ಸೋಲುವ ಹಳೆಯ ಲಾರಿಗೆ ಟರ್ಬೊ ಒಂದೇ ಮದ್ದಲ್ಲ. ಏರ್ ಫಿಲ್ಟರ್, ನಾಜಲ್, ಪಂಪ್, ಟ್ಯಾಪೆಟ್, ಟೈಮಿಂಗ್ ಸರಿಪಡಿಸಿದರೆ ವರ್ಷಗಳಿಂದ ಕಳೆದುಕೊಂಡ ಶಕ್ತಿಯ ದೊಡ್ಡ ಪಾಲು ಮರಳುತ್ತದೆ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಅಷ್ಟಾದ ಮೇಲೂ ಸಾಲದಿದ್ದರೆ, ಕಾರ್ಖಾನೆಯಲ್ಲೇ ಟರ್ಬೊ ಅಳವಡಿಸಿದ ಲಾರಿ ಕೊಳ್ಳುವುದು ಮತ್ತು ಗುಜರಿ ಟರ್ಬೊ ಕೂರಿಸುವುದು, ಈ ಎರಡರ ಖರ್ಚನ್ನು ಹೋಲಿಸಬೇಕು. ಆ ಲೆಕ್ಕದಲ್ಲಿ ಕಾಡಿನ ನಡುವೆ ಎಂಜಿನ್ ಸುಟ್ಟು ನಿಂತ ಲಾರಿಯನ್ನು ಎಳೆಸುವ ವೆಚ್ಚವನ್ನೂ ಸೇರಿಸಿಕೊಳ್ಳಬೇಕು.